ಔಷಧಿಯ ಹೆಸರು ಆಮೇಲೆ, ಹುಳುವಿನ ವಯಸ್ಸು ಮೊದಲು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಮೆಕ್ಕೆಜೋಳದ್ದೇ. ಹಾಗಾಗಿ ಬೇರೆ ಬೆಳೆಯ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಫೋಟೋ ಕಳಿಸುವವರಿಗೆ ಒಂದು ಕೋರಿಕೆ. ಹುಳುವಿನ ತಲೆ, ಬಾಲ ಎರಡೂ ಕಾಣುವಂತೆ ಹತ್ತಿರದಿಂದ ತೆಗೆಯಿರಿ. ಒಬ್ಬರು ಕಳಿಸಿದ ಫೋಟೋದಲ್ಲಿ ಅವರ ಹೆಬ್ಬೆರಳು ಬಹಳ ಸ್ಪಷ್ಟವಾಗಿದೆ. ಹುಳು ಮಾತ್ರ ಎಲ್ಲಿದೆಯೋ ಗೊತ್ತಾಗಲಿಲ್ಲ.

ಪ್ರಶ್ನೆ: ಪೈರಿಗೆ ಒಂದೂವರೆ ತಿಂಗಳು. ಸುಳಿಯ ತುಂಬ ತೂತು, ಒಳಗೆ ಮರದ ಹೊಟ್ಟಿನಂಥ ಹಿಕ್ಕೆ. ವಾರ ಬಿಟ್ಟು ಎರಡು ಸಲ ಔಷಧಿ ಹೊಡೆದೆ. ಎರಡನೇ ಸಲ ಎರಡು ಔಷಧಿ ಬೆರೆಸಿಯೇ ಹೊಡೆದೆ. ಹುಳು ಸಾಯಲಿಲ್ಲ. ಇದಕ್ಕಿಂತ ಸ್ಟ್ರಾಂಗ್ ಯಾವುದಿದೆ?

ಸ್ಟ್ರಾಂಗ್ ಔಷಧಿಯ ಮಾತು ಸ್ವಲ್ಪ ಬದಿಗಿರಲಿ. ನೀವು ಬರೆದಿರುವ ಲಕ್ಷಣ ನೋಡಿದರೆ ಅದು ಫಾಲ್ ಆರ್ಮಿವರ್ಮ್. ಕೆಲವರು ಲದ್ದಿ ಹುಳು ಅಂತಾರೆ, ಕೆಲವರು ಸೈನಿಕ ಹುಳು ಅಂತಾರೆ. ಆ ಹೆಸರಿನ ಹಳೇ ಹುಳುಗಳು ಬೇರೆ ಇವೆ, ಹಾಗಾಗಿ ಹೆಸರು ನಂಬಬೇಡಿ, ಹುಳು ನೋಡಿ. ಸುಳಿ ಬಿಡಿಸಿ ಒಂದು ದೊಡ್ಡ ಹುಳು ತೆಗೆದು ಅಂಗೈ ಮೇಲೆ ಇಟ್ಟುಕೊಳ್ಳಿ. ಕಚ್ಚುವುದಿಲ್ಲ, ಹೆದರಬೇಡಿ. ತಲೆಯ ಮೇಲೆ ಬಿಳಿಚಿದ ಗೆರೆ ಇಂಗ್ಲಿಷಿನ ವೈ ಅಕ್ಷರವನ್ನು ತಲೆಕೆಳಗು ಮಾಡಿದ ಹಾಗೆ ಇರುತ್ತದೆ. ಬಾಲದ ತುದಿಗೆ ಸ್ವಲ್ಪ ಮೊದಲು ನಾಲ್ಕು ಕಪ್ಪು ಚುಕ್ಕೆ, ಚೌಕದ ನಾಲ್ಕು ಮೂಲೆಯಲ್ಲಿ ಇಟ್ಟಂತೆ. ಎರಡೂ ಇದ್ದರೆ ಅದೇ.

ಇದು ಅಮೆರಿಕ ಖಂಡಗಳ ಹುಳು. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿತು. 2018ರ ಮೇ ತಿಂಗಳಲ್ಲಿ ಭಾರತದಲ್ಲಿ ಮೊದಲ ಸಲ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಸಿಕ್ಕಿತು. 2020ರ ಹೊತ್ತಿಗೆ ಆಸ್ಟ್ರೇಲಿಯಾ ಮುಟ್ಟಿತ್ತು. ಗಾಳಿ ಅನುಕೂಲವಾಗಿದ್ದರೆ ಇದರ ಪತಂಗ ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರ್ ದಾಟಬಲ್ಲದು. ಪಕ್ಕದ ಹೊಲದವರಿಂದಲೇ ಬಂತು ಅಂತ ಇನ್ನಿಬ್ಬರು ಓದುಗರು ಬರೆದಿದ್ದಾರೆ. ಪಕ್ಕದವರ ಜೊತೆ ಜಗಳ ಬೇಡ, ಅವರಿಗೂ ಹಾಗೇ ಬಂದಿದೆ.

ಈಗ ನಿಮ್ಮ ಔಷಧಿ ಯಾಕೆ ಸೋತಿತು ನೋಡೋಣ. ಹೆಣ್ಣು ಪತಂಗ ಎಲೆಯ ಮೇಲೆ ನೂರು, ಇನ್ನೂರು ಮೊಟ್ಟೆಗಳನ್ನು ಗುಂಪಾಗಿ ಇಟ್ಟು ತನ್ನ ಮೈಯ ರೋಮ ಹೊದಿಸುತ್ತದೆ. ಬೆಚ್ಚಗಿನ ಹವೆಯಲ್ಲಿ ಎರಡು ಮೂರು ದಿನಕ್ಕೆ ಮರಿ ಹೊರಗೆ. ಈ ಸಣ್ಣ ಮರಿಗಳು ಎಲೆ ತೂತು ಮಾಡುವುದಿಲ್ಲ, ಮೇಲಿನ ಹಸಿರು ಮಾತ್ರ ಕೆರೆಯುತ್ತವೆ. ಎಲೆಯಲ್ಲಿ ಕಾಗದದಂತೆ ತೆಳ್ಳಗಿನ ಬಿಳಿ ಕಿಟಕಿಗಳು ಕಾಣುತ್ತವೆ. ಬಹಳ ಜನ ಇದನ್ನು ಗಮನಿಸುವುದೇ ಇಲ್ಲ. ಆದರೆ ಔಷಧಿಗೆ ಹೇಳಿ ಮಾಡಿಸಿದ ಹೊತ್ತು ಇದೇ. ಹುಳು ಬಯಲಿನಲ್ಲಿದೆ, ಚರ್ಮ ತೆಳು, ಬೇವು ಕೂಡ ಕೆಲಸ ಮಾಡುತ್ತದೆ.

ಆಮೇಲೆ ಅದು ಸುಳಿಗೆ ಇಳಿಯುತ್ತದೆ. ಒಟ್ಟು ಆರು ಹಂತದಲ್ಲಿ ಬೆಳೆಯುತ್ತದೆ, ಒಂದೊಂದು ಹಂತಕ್ಕೂ ಪೊರೆ ಬಿಡುತ್ತದೆ. ದೊಡ್ಡದಾದಂತೆ ಒಂದನ್ನೊಂದು ತಿಂದು ಸುಳಿಗೆ ಒಂದೋ ಎರಡೋ ಉಳಿಯುತ್ತವೆ. ಅದರ ಇಡೀ ಆಯುಷ್ಯದ ಊಟದಲ್ಲಿ ಬಹುಪಾಲು ನಡೆಯುವುದು ಕೊನೆಯ ಎರಡು ಹಂತದಲ್ಲಿ. ನಿನ್ನೆ ಇರಲಿಲ್ಲ, ಇವತ್ತು ಹೊಲ ಹೋಯ್ತು ಅಂತ ಅನಿಸುವುದು ಅದಕ್ಕೇ. ಅಷ್ಟು ಹೊತ್ತಿಗೆ ಅದರ ಹಿಕ್ಕೆಯೇ ಸುಳಿಗೆ ಬಿರಡೆ ಹಾಕಿದಂತೆ ತುಂಬಿಕೊಂಡಿರುತ್ತದೆ. ನೀವು ಮೇಲಿಂದ ಹೊಡೆದ ಹನಿ ಆ ಬಿರಡೆಯ ಮೇಲೇ ನಿಲ್ಲುತ್ತದೆ. ಕೆಳಗಿರುವ ಹುಳುವಿಗೆ ತಾಗುವುದೇ ಇಲ್ಲ. ಇನ್ನು ನಡು ಮಧ್ಯಾಹ್ನ ಹೊಡೆದಿದ್ದರಂತೂ ಮುಗಿಯಿತು. ಬಿಸಿಲಿಗೆ ಹುಳು ಆಳಕ್ಕೆ ಇಳಿದಿರುತ್ತದೆ, ಹನಿ ಅರ್ಧದಲ್ಲೇ ಆರಿರುತ್ತದೆ.

ಎರಡು ಔಷಧಿ ಬೆರೆಸಿದ್ದು ಇನ್ನೊಂದು ತೊಂದರೆ. ಎರಡು ಡಬ್ಬಿ, ಎರಡು ಹೆಸರು, ಎರಡು ಬಣ್ಣ ಇದ್ದರೂ ಒಳಗಿನ ಕೆಲಸ ಒಂದೇ ಆಗಿರಬಹುದು. ಒಂದೇ ರೀತಿಯಲ್ಲಿ ಹುಳು ಕೊಲ್ಲುವ ಔಷಧಿಗಳಿಗೆಲ್ಲ ಒಂದೇ ಗುಂಪಿನ ಸಂಖ್ಯೆ ಇರುತ್ತದೆ. ಡಬ್ಬಿಯ ಮೇಲೆ ಅಥವಾ ಜೊತೆಗೆ ಬರುವ ಚೀಟಿಯಲ್ಲಿ ಆ ಸಂಖ್ಯೆ ಇದೆಯೇ ಹುಡುಕಿ. ಕ್ಲೋರಾಂಟ್ರಾನಿಲಿಪ್ರೋಲ್ 28ನೇ ಗುಂಪು, ಸ್ಪಿನೆಟೊರಾಮ್ 5, ಎಮಾಮೆಕ್ಟಿನ್ ಬೆಂಜೊಯೇಟ್ 6. ಒಂದು ಪೀಳಿಗೆಗೆ ಒಂದು ಗುಂಪು ಬಳಸಿದರೆ ಮುಂದಿನ ಪೀಳಿಗೆಗೆ ಇನ್ನೊಂದು ಗುಂಪು. ಬೆಚ್ಚಗಿನ ಕಾಲದಲ್ಲಿ ಪೀಳಿಗೆ ಎಂದರೆ ಸುಮಾರು ಒಂದು ತಿಂಗಳು. ಪೈರೆಥ್ರಾಯ್ಡ್ ಎಂಬ ಹಳೆಯ ಬಗೆಯ ಔಷಧಿಗಳಿಗೆ ಈ ಹುಳು ಎಷ್ಟೋ ಕಡೆ ಒಗ್ಗಿಹೋಗಿದೆ. ಅವು ಹುಳುವನ್ನು ಬಿಟ್ಟು ಅದನ್ನು ತಿನ್ನುವ ಇರುವೆ, ಜೇಡ, ಕಣಜಗಳನ್ನು ಕೊಲ್ಲುತ್ತವೆ. ಅಂದರೆ ಹುಳುವಿಗೇ ಸಹಾಯ ಮಾಡಿದ ಹಾಗಾಯಿತು. ಪ್ರಮಾಣ ನಾನು ಇಲ್ಲಿ ಬರೆಯುವುದಿಲ್ಲ. ಒಂದೇ ಔಷಧಿ ಬೇರೆ ಬೇರೆ ತೀವ್ರತೆಯಲ್ಲಿ ಬರುತ್ತದೆ, ನಿಮ್ಮ ಕೈಯಲ್ಲಿರುವ ಡಬ್ಬಿ ಹೇಳಿದ್ದೇ ಪ್ರಮಾಣ. ಅದರಲ್ಲಿ ಮೆಕ್ಕೆಜೋಳದ ಹೆಸರು ಇಲ್ಲದಿದ್ದರೆ ಆ ಡಬ್ಬಿ ಬೇಡ.

ಈಗ ಏನು ಮಾಡಬೇಕು? ನಾಳೆ ಬೆಳಿಗ್ಗೆ ಹೊಲದೊಳಗೆ ನಡೆಯಿರಿ. ಬದುವಿನ ಮೇಲೆ ನಿಂತು ನೋಡುವುದಲ್ಲ, ಒಳಗೆ ಹೋಗಬೇಕು. ಅಂಕುಡೊಂಕಾಗಿ ಹೋಗಿ, ಐದು ಕಡೆ ನಿಂತು, ಒಂದೊಂದು ಕಡೆ ಇಪ್ಪತ್ತು ಗಿಡ. ನೂರು ಗಿಡ ಆಯಿತು, ಶೇಕಡಾ ಲೆಕ್ಕ ತಾನೇ ಬಂತು. ಹಳೆಯ ತೂತು ಎಣಿಸಬೇಡಿ. ಈಗಷ್ಟೇ ಬಿಚ್ಚುತ್ತಿರುವ ಎಲೆ ನೋಡಿ. ಅದು ಶುದ್ಧವಾಗಿದ್ದು ಹಿಕ್ಕೆ ಒಣಗಿದ್ದರೆ ಹುಳು ಹೋಗಿದೆ. ಮಣ್ಣಿಗೆ ಇಳಿದು ಕೋಶವಾಗಿದೆ. ಈಗ ಹೊಡೆದರೆ ಖಾಲಿ ಮನೆಗೆ ಕಲ್ಲು ಹೊಡೆದ ಹಾಗೆ. ಹಿಕ್ಕೆ ಹಸಿಯಾಗಿದ್ದು ಹುಳು ಇನ್ನೂ ಬೆರಳಿನ ಒಂದು ಗೆಣ್ಣಿಗಿಂತ ಚಿಕ್ಕದಿದ್ದರೆ ಮಾತ್ರ ಹೊಡೆಯಿರಿ. ಸಂಜೆ, ನಾಝಲ್ ಸುಳಿಯ ಬಾಯಿಗೆ ಹಿಡಿದು, ಒಳಗೆ ಇಳಿಯುವಷ್ಟು ನೀರು ಬಳಸಿ. ಎಳೆ ಪೈರಿನಲ್ಲಿ ನೂರಕ್ಕೆ 5 ಗಿಡ, ಸುಳಿ ದೊಡ್ಡದಾದ ಮೇಲೆ 10ರಿಂದ 20 ಗಿಡ ತಾಜಾ ಹಾನಿ ತೋರಿಸಿದರೆ ಔಷಧಿಗೆ ಕೈ ಹಾಕಬಹುದು ಎಂಬುದು ಸಾಮಾನ್ಯ ಲೆಕ್ಕ.

ಇನ್ನೊಂದು ಮಾತು. ತೂತು ಬಿದ್ದ ಎಲೆ ನೋಡಿದರೆ ಹೊಟ್ಟೆ ಉರಿಯುತ್ತದೆ, ಒಪ್ಪುತ್ತೇನೆ. ಆದರೆ ಎಲೆ ಹರಿದಷ್ಟು ಇಳುವರಿ ಹರಿಯುವುದಿಲ್ಲ. ನೀರು, ಗೊಬ್ಬರ ಸರಿಯಾಗಿ ಸಿಕ್ಕಿರುವ ಮೆಕ್ಕೆಜೋಳ ಹೊಸ ಎಲೆ ಬಿಟ್ಟು ಬಹಳಷ್ಟು ಸರಿ ಮಾಡಿಕೊಳ್ಳುತ್ತದೆ. ಎರಡನೇ ಸಿಂಪರಣೆಯ ಖರ್ಚನ್ನು ಆ ಪೈರಿನ ಮೇಲುಗೊಬ್ಬರಕ್ಕೆ ಹಾಕಿದ್ದರೆ ಚೆನ್ನಾಗಿತ್ತು.

ಪ್ರಶ್ನೆ: ಸುಳಿಗೆ ಮರಳು ಅಥವಾ ಮಣ್ಣು ಹಾಕಿದರೆ ಹುಳು ಸಾಯುತ್ತದಂತೆ. ನಿಜವಾ, ಸುಮ್ನೆ ಹೇಳ್ತಾರಾ?

ಸುಮ್ನೆ ಅಲ್ಲ. ಅಮೆರಿಕ ಖಂಡಗಳಲ್ಲೂ ಆಫ್ರಿಕಾದಲ್ಲೂ ಸಣ್ಣ ರೈತರು ಮರಳು, ಬೂದಿ, ಒಣ ಮಣ್ಣು ಹಾಕುತ್ತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೂ ಇದನ್ನು ದಾಖಲಿಸಿದೆ. ಮರಳು ಹುಳುವಿನ ಮೈ ತರಚುತ್ತದೆ, ಉಸಿರಾಟಕ್ಕೆ, ಓಡಾಟಕ್ಕೆ ಅಡ್ಡ ಬರುತ್ತದೆ. ಸಣ್ಣ ಹುಳುವಿಗೆ ಇದು ತಾಗುತ್ತದೆ, ದೊಡ್ಡದು ಮರಳನ್ನು ಪಕ್ಕಕ್ಕೆ ತಳ್ಳಿ ಊಟ ಮುಂದುವರಿಸುತ್ತದೆ.

ಒಂದು ಚಿಟಿಕೆ ಸಾಕು, ಹಿಡಿ ತುಂಬ ಸುರಿದರೆ ಸುಳಿಯೇ ಬಿಚ್ಚುವುದಿಲ್ಲ. ಹತ್ತಾರು ಎಕರೆಗೆ ಆಗುವ ಕೆಲಸ ಇದಲ್ಲ. ಅಷ್ಟು ದೊಡ್ಡ ಹೊಲದಲ್ಲಿ ಗಿಡ ಗಿಡಕ್ಕೂ ಚಿಟಿಕೆ ಹಾಕುತ್ತೇನೆ ಅನ್ನುವವರಿದ್ದರೆ ನನಗೂ ಬರೆಯಿರಿ, ಬಂದು ನೋಡಬೇಕು. ಆದರೆ ಸ್ವಲ್ಪವೇ ಜಾಗ, ಮನೆಯವರೇ ದುಡಿಯುವ ಹೊಲವಾದರೆ ಧಾರಾಳವಾಗಿ ಮಾಡಿ. ಹೇಗೂ ಗಿಡದ ಮುಂದೆ ನಿಂತಿರುತ್ತೀರಿ, ರೋಮ ಹೊದ್ದ ಮೊಟ್ಟೆಯ ಗುಂಪು ಕಂಡರೆ ಬೆರಳಲ್ಲೇ ಒರೆಸಿ ಹಾಕಿ. ಒಂದು ಗುಂಪು ಒರೆಸಿದರೆ ನೂರಾರು ಹುಳು ಹುಟ್ಟುವ ಮೊದಲೇ ಹೋದ ಹಾಗೆ. ಮೊದಲ ತಿಂಗಳಲ್ಲಿ ವಾರಕ್ಕೆ ಎರಡು ಸಲ ಹೀಗೆ ಸುತ್ತು ಹಾಕುವ ರೈತನಿಗೆ ನನ್ನ ಅಂಕಣ ಬೇಕಿಲ್ಲ.

ಸಕ್ಕರೆ ನೀರು ಚಿಮುಕಿಸಿ ಇರುವೆಗಳನ್ನು ಗಿಡಕ್ಕೆ ಕರೆಯುವ ಪದ್ಧತಿಯೂ ಮಧ್ಯ ಅಮೆರಿಕದಲ್ಲಿದೆ. ಇರುವೆ ಬಂದರೆ ಮರಿಹುಳುವನ್ನೂ ಹೊತ್ತುಕೊಂಡು ಹೋಗುತ್ತದೆ.

ಪ್ರಶ್ನೆ: ಎಳೆ ಗಿಡಗಳ ನಡು ಸುಳಿ ಒಣಗುತ್ತಿದೆ. ಹೊರಗಿನ ಎಲೆ ಹಸಿರಾಗೇ ಇದೆ. ಇದೂ ಆರ್ಮಿವರ್ಮ್ ಕೆಲಸವೇ?

ಇರಬಹುದು, ಆದರೆ ಮೊದಲ ಅನುಮಾನ ಬೇರೆಯವರ ಮೇಲೆ. ಒಣಗಿದ ಸುಳಿಯನ್ನು ಮೆಲ್ಲಗೆ ಎಳೆಯಿರಿ. ಸಲೀಸಾಗಿ ಕೈಗೆ ಬಂದು, ಬುಡ ಕೊಳೆತು ನಾತ ಹೊಡೆದರೆ, ಒಳಗೆ ಬಿಳಿಚಾದ ಪುಟ್ಟ ಹುಳು ಇದ್ದರೆ ಅದು ಸುಳಿ ನೊಣ. ಮೊಳೆತ ಮೂರು ನಾಲ್ಕು ವಾರದೊಳಗಿನ ಗಿಡಕ್ಕೆ ಮಾತ್ರ ಬರುತ್ತದೆ. ಗಿಡ ಆ ವಯಸ್ಸು ದಾಟಿದರೆ ಅದರ ಆಟ ಮುಗಿಯಿತು. ಹಾಗಾಗಿ ಇದಕ್ಕೆ ಸಿಂಪರಣೆಗಿಂತ ಬೀಜೋಪಚಾರ ಮತ್ತು ಹಂಗಾಮಿನ ಮೊದಲಲ್ಲೇ ಬಿತ್ತುವುದು ಉತ್ತಮ. ತಡವಾಗಿ ಬಿತ್ತಿದ ಹೊಲಕ್ಕೇ ನೊಣ ಜಾಸ್ತಿ.

ಕಾಂಡ ಕೊರಕವಾದರೆ ಇನ್ನೊಂದು ಗುರುತು ಇರುತ್ತದೆ. ಬಿಚ್ಚಿದ ಎಲೆಯಲ್ಲಿ ಅಡ್ಡಡ್ಡಕ್ಕೆ ಸೂಜಿ ಚುಚ್ಚಿದಂಥ ತೂತುಗಳು ಒಂದೇ ಸಾಲಿನಲ್ಲಿ ಇರುತ್ತವೆ. ಅಷ್ಟು ನೇರವಾಗಿ ಯಾರು ಸಾಲು ಹಿಡಿದು ಕೊರೆದರು ಅಂತ ಬೆರಗಾಗಬೇಡಿ. ಎಲೆ ಸುರುಳಿಯಾಗಿದ್ದಾಗ ಹುಳು ಒಂದೇ ತೂತು ಕೊರೆದಿತ್ತು, ಸುರುಳಿ ಬಿಚ್ಚಿದಾಗ ಅದೇ ಸಾಲಾಯಿತು. ಮಚ್ಚೆಯ ಕಾಂಡ ಕೊರಕ ಎಲೆಯ ಅಡಿಯಲ್ಲಿ ಚಪ್ಪಟೆ ಮೊಟ್ಟೆಗಳನ್ನು ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಇಡುತ್ತದೆ. ಗುಲಾಬಿ ಕಾಂಡ ಕೊರಕ ಎಲೆಯ ಬುಡದ ಕವಚಕ್ಕೂ ಕಾಂಡಕ್ಕೂ ನಡುವಿನ ಸಂದಿಯಲ್ಲಿ ಇಡುತ್ತದೆ, ಹೊರಗಿಂದ ಕಾಣುವುದಿಲ್ಲ. ಹುಳು ಕಾಂಡದೊಳಗೆ ಸೇರಿದ ಮೇಲೆ ನೀವು ಮೇಲೆ ಏನು ಹೊಡೆದರೂ ಅಷ್ಟೇ. ಸುಳಿ ಒಣಗಿದ ಗಿಡ ಕಿತ್ತು, ಸೀಳಿ, ಹುಳು ಸಮೇತ ನಾಶ ಮಾಡಿ. ಕಟಾವಿನ ನಂತರ ಕೂಳೆ, ದಂಟು ಹೊಲದಲ್ಲೇ ಬಿಡಬೇಡಿ. ಬೆಳೆ ಇಲ್ಲದ ಕಾಲದಲ್ಲಿ ಆ ಹುಳು ಮಲಗುವುದು ಅದರೊಳಗೇ.

ಗಿಡ ನೆಲಮಟ್ಟದಲ್ಲಿ ಕತ್ತರಿಸಿ ಬಿದ್ದಿದ್ದರೆ ಅದು ಮೂರನೆಯದು, ಕತ್ತರಿ ಹುಳು. ಗಿಡದ ಬುಡದ ಮಣ್ಣು ಎರಡು ಬೆರಳು ಕೆದಕಿ, ಬೂದು ಬಣ್ಣದ ಹುಳು ಸುರುಳಿ ಸುತ್ತಿ ಮಲಗಿರುತ್ತದೆ.

ಪ್ರಶ್ನೆ: ಗಿಡದ ತುದಿಯ ಸೂಲಂಗಿಯ ತುಂಬ ಹೇನು ಮುತ್ತಿದೆ, ಎಲೆಯೆಲ್ಲ ಅಂಟಂಟು, ಇರುವೆ. ಏನು ಹೊಡೆಯಲಿ?

ಏನೂ ಬೇಡ. ಅಲ್ಲೇ ಗುಲಗಂಜಿ ಹುಳುಗಳೂ ಅವುಗಳ ಮರಿಗಳೂ ಓಡಾಡುತ್ತಿವೆಯೇ ನೋಡಿ. ಮರಿ ಮೊಸಳೆಯ ಆಕಾರದ್ದು, ಕಪ್ಪು, ಅಲ್ಲಲ್ಲಿ ಕಿತ್ತಳೆ ಚುಕ್ಕೆ. ನೋಡಲು ಭಯವಾಗುವಂತಿದ್ದರೂ ಅದು ನಿಮ್ಮ ಕಡೆಯದು. ಅವು ಇದ್ದರೆ ವಾರದಲ್ಲಿ ಹೇನು ಇಳಿಯುತ್ತದೆ. ಒಂದು ಜೋರು ಮಳೆ ಬಂದರೂ ತೊಳೆದು ಹೋಗುತ್ತದೆ. ಪರಾಗವೇ ಉದುರದಷ್ಟು ಮುತ್ತಿದ್ದು, ಮೇಲಿಂದ ನೀರಿನ ಕೊರತೆಯೂ ಇದ್ದರೆ ಮಾತ್ರ ಯೋಚಿಸಬೇಕು. ಆಗಲೂ ಸಂಜೆಯೇ ಹೊಡೆಯಿರಿ. ಸೂಲಂಗಿಯ ಪರಾಗಕ್ಕೆ ಬೆಳಗ್ಗೆ ಜೇನ್ನೊಣ ಬರುತ್ತದೆ.

ಪ್ರಶ್ನೆ: ಸತ್ತ ಹುಳುವಿನ ಮೈಗೆ ಅಕ್ಕಿ ಕಾಳಿನಂಥ ಬಿಳಿ ಗೂಡುಗಳು ಅಂಟಿಕೊಂಡಿದ್ದವು. ಹುಳು ಮೊಟ್ಟೆ ಇಟ್ಟು ಸತ್ತಿದೆ ಅಂತ ಎಲ್ಲ ಆರಿಸಿ ಸುಟ್ಟುಬಿಟ್ಟೆವು. ಸರಿ ತಾನೇ?

ಅಯ್ಯೋ! ಹುಳು ಮೊಟ್ಟೆ ಇಡುವುದಿಲ್ಲ, ಪತಂಗ ಇಡುತ್ತದೆ. ನೀವು ಸುಟ್ಟದ್ದು ಪುಟ್ಟ ಕಣಜದ ಗೂಡುಗಳನ್ನು. ಆ ಕಣಜ ಹುಳುವಿನ ಮೈಯೊಳಗೆ ಮೊಟ್ಟೆ ಇಡುತ್ತದೆ, ಮರಿಗಳು ಒಳಗಿಂದ ತಿಂದು ಹೊರಬಂದು ಗೂಡು ಕಟ್ಟುತ್ತವೆ. ಮುಂದಿನ ಸಲ ಅಲ್ಲೇ ಬಿಡಿ.

ಎಲೆಗೆ ಅಂಟಿಕೊಂಡು ಗಟ್ಟಿಯಾಗಿ ಸತ್ತ, ಮೈಮೇಲೆ ಬಿಳಿ ಅಥವಾ ತಿಳಿ ಹಸಿರು ಪುಡಿ ಇರುವ ಹುಳು ಕಂಡರೂ ಮುಟ್ಟಬೇಡಿ. ಅದು ಮೆಟಾರೈಜಿಯಂ ರೈಲಿ ಎಂಬ ಶಿಲೀಂಧ್ರ. ತಂಪು, ತೇವ ಇದ್ದಾಗ ಹೊಲದಲ್ಲಿ ತಾನೇ ಹರಡುತ್ತದೆ. ತಲೆಕೆಳಗಾಗಿ ಜೋತು ಬಿದ್ದು ಕರಗುತ್ತಿರುವ ಹುಳುವಾದರೆ ವೈರಸ್ ತಗುಲಿದೆ. ಇವೆರಡೂ ನಮ್ಮ ಮೇಲೆ ಬರುವ ರೋಗಗಳಲ್ಲ.

ಇದೇ ಓದುಗರು ಟ್ರೈಕೋಗ್ರಾಮ ಕಾರ್ಡ್ ಬಗ್ಗೆಯೂ ಕೇಳಿದ್ದಾರೆ. ಟ್ರೈಕೋಗ್ರಾಮ ಎಂದರೆ ಹುಳುವಿನ ಮೊಟ್ಟೆಯನ್ನು ಕೊಲ್ಲುವ ಪುಟ್ಟ ಕಣಜ, ಆ ಕಣಜ ಹೊರಬರುವ ಮೊಟ್ಟೆಗಳನ್ನು ಅಂಟಿಸಿದ ಕಾಗದವೇ ಕಾರ್ಡ್. ಹಾಗಾಗಿ ಹೆಣ್ಣಿನ ವಾಸನೆಯಿಂದ ಗಂಡು ಪತಂಗವನ್ನು ಸೆಳೆಯುವ ಮೋಹಕ ಬಲೆಗೆ ಪತಂಗ ಬೀಳಲು ಶುರುವಾದ ಕೂಡಲೇ ಕಟ್ಟಬೇಕು. ಎಲೆ ತೂತಾದ ಮೇಲೆ ಕಟ್ಟಿದರೆ ಕಾಗದ ಕಟ್ಟಿದ ಹಾಗೆಯೇ. ಆರ್ಮಿವರ್ಮ್ ಮೊಟ್ಟೆ ಪದರ ಪದರವಾಗಿ, ರೋಮದ ಹೊದಿಕೆಯಡಿ ಇರುವುದರಿಂದ ಟ್ರೈಕೋಗ್ರಾಮಕ್ಕೆ ಮೇಲಿನವು ಮಾತ್ರ ಸಿಗುತ್ತವೆ. ಟೆಲಿನೋಮಸ್ ರೀಮಸ್ ಎಂಬ ಇನ್ನೊಂದು ಕಣಜ ಒಳಪದರಕ್ಕೂ ನುಗ್ಗುತ್ತದೆ. ಸಿಕ್ಕರೆ ಅದು ಮೇಲು. ಕಾರ್ಡ್ ಕಟ್ಟಿದ ವಾರವೇ ಔಷಧಿ ಹೊಡೆಯುವವರು ಎರಡರಲ್ಲಿ ಒಂದಕ್ಕೆ ದುಡ್ಡು ಉಳಿಸಬಹುದು.

ಪ್ರಶ್ನೆ: ಪ್ರತಿ ವರ್ಷ ಮೆಕ್ಕೆಜೋಳವೇ ಹಾಕುತ್ತೇವೆ. ಬೆಳೆ ಬದಲಿಸಿದರೆ ಹುಳು ಹೋಗುತ್ತದಾ?

ಯಾವ ಹುಳು ಎಂಬುದರ ಮೇಲಿದೆ. ಆರ್ಮಿವರ್ಮ್ ಹೊರಗಿಂದ ಹಾರಿ ಬರುತ್ತದೆ, ಮುನ್ನೂರಕ್ಕೂ ಹೆಚ್ಚು ಜಾತಿಯ ಗಿಡ ತಿನ್ನಬಲ್ಲದು. ಬೆಳೆ ಬದಲಿಸಿದ್ದು ಅದಕ್ಕೆ ಅಷ್ಟಾಗಿ ಲೆಕ್ಕಕ್ಕಿಲ್ಲ. ಅದಕ್ಕಿಂತ ಅಕ್ಕಪಕ್ಕದವರೆಲ್ಲ ಒಂದೇ ಹೊತ್ತಿಗೆ ಬಿತ್ತುವುದು, ನಡುವೆ ದ್ವಿದಳ ಧಾನ್ಯದ ಸಾಲು ಹಾಕುವುದು, ಬಿತ್ತುವ ಮೊದಲು ಆಳವಾಗಿ ಉತ್ತು ಕೋಶಗಳನ್ನು ಬಿಸಿಲಿಗೂ ಹಕ್ಕಿಗಳಿಗೂ ಒಡ್ಡುವುದು ಉಪಯೋಗ. ಒಬ್ಬರು ಇವತ್ತು, ಇನ್ನೊಬ್ಬರು ಮೂರು ವಾರ ಬಿಟ್ಟು ಬಿತ್ತಿದರೆ ಹುಳುವಿಗೆ ತಿಂಗಳಾನುಗಟ್ಟಲೆ ಎಳೆ ಸುಳಿ ಸಿಗುತ್ತಲೇ ಇರುತ್ತದೆ.

ಬೇರು ಹುಳುವಿನ ವಿಷಯ ಬೇರೆ. ಅದು ಒಂದು ದುಂಬಿಯ ಮರಿ, ಅಮೆರಿಕದ ಮೆಕ್ಕೆಜೋಳಕ್ಕೆ ದೊಡ್ಡ ಶತ್ರು. ದುಂಬಿ ಮೆಕ್ಕೆಜೋಳದ ಹೊಲದ ಮಣ್ಣಿನಲ್ಲಿ ಮೊಟ್ಟೆ ಇಡುತ್ತದೆ, ಮುಂದಿನ ವರ್ಷ ಮರಿಗೆ ಮೆಕ್ಕೆಜೋಳದ ಬೇರೇ ಬೇಕು. ಸೋಯಾ ಹಾಕಿದರೆ ಮರಿ ಉಪವಾಸ ಸಾಯುತ್ತದೆ. ಇಷ್ಟು ಸರಳ ಉಪಾಯಕ್ಕೂ ಅದು ದಾರಿ ಕಂಡುಕೊಂಡಿತು. ಇಲಿನಾಯ್ ಕಡೆ ಕೆಲವು ದುಂಬಿಗಳು ಸೋಯಾ ಹೊಲಕ್ಕೇ ಹೋಗಿ ಮೊಟ್ಟೆ ಇಡತೊಡಗಿದವು, ಮುಂದಿನ ವರ್ಷ ಅಲ್ಲಿ ಮೆಕ್ಕೆಜೋಳ ಬರುತ್ತದಲ್ಲ! ಇನ್ನೊಂದು ಜಾತಿಯ ಮೊಟ್ಟೆಗಳು ಒಂದು ವರ್ಷ ಮಣ್ಣಲ್ಲೇ ಮಲಗಿ ಎರಡನೇ ವರ್ಷ ಒಡೆಯಲು ಶುರು ಮಾಡಿದವು.

ಬಿಟಿ ಮೆಕ್ಕೆಜೋಳದ ಬಗ್ಗೆ ಕೇಳಿದವರಿಗೂ ಇದೇ ಉತ್ತರ ಅನ್ವಯ. ಹುಳು ಕೊಲ್ಲುವ ವಿಷವನ್ನು ಗಿಡವೇ ತಯಾರಿಸುವಂತೆ ಮಾಡಿದ ಮೆಕ್ಕೆಜೋಳ ಅದು. 1996ರಿಂದ ಅಮೆರಿಕದಲ್ಲಿ ಬೆಳೆಯುತ್ತಿದ್ದಾರೆ, ಅಲ್ಲಿನ ಕಾಂಡ ಕೊರಕಕ್ಕೆ ಅದ್ಭುತವಾಗಿ ಕೆಲಸ ಮಾಡಿತು. ಆದರೆ ಪೋರ್ಟೊ ರಿಕೊದಲ್ಲಿ 2006ರ ಹೊತ್ತಿಗೇ ಆರ್ಮಿವರ್ಮ್ ಒಂದು ಬಗೆಯ ಬಿಟಿ ವಿಷವನ್ನು ಅರಗಿಸಿಕೊಂಡಿತು. ಅದಕ್ಕೇ ಪಕ್ಕದಲ್ಲಿ ಬಿಟಿ ಅಲ್ಲದ ಸಾಲುಗಳನ್ನೂ ಬೆಳೆಯಬೇಕು ಅನ್ನುವುದು. ಒಗ್ಗದ ಪತಂಗಗಳು ಉಳಿದು, ಒಗ್ಗಿದವುಗಳ ಜೊತೆ ಕೂಡಲಿ ಅಂತ.

ಪ್ರಶ್ನೆ: ಹಿತ್ತಲಲ್ಲಿ ಸ್ವಲ್ಪ ಸ್ವೀಟ್ ಕಾರ್ನ್ ಹಾಕಿದ್ದೇನೆ. ತೆನೆ ಸುಲಿದರೆ ತುದಿಯಲ್ಲಿ ಹುಳು. ಮಕ್ಕಳು ತಿನ್ನುವುದು, ಔಷಧಿ ಹೊಡೆಯಲು ಮನಸ್ಸಿಲ್ಲ.

ಹೊಡೆಯಬೇಡಿ, ಹೊಡೆದರೂ ಪ್ರಯೋಜನವಿಲ್ಲ. ತೆನೆ ಹುಳುವಿನ ಪತಂಗ ತಾಜಾ ಕೂದಲಿನ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ. ಮರಿ ಕೂದಲು ಹಿಡಿದು ಒಳಗೆ ಇಳಿಯುತ್ತದೆ, ಸಿಪ್ಪೆಯೇ ಅದಕ್ಕೆ ಕೊಡೆ. ಮನೆಮಟ್ಟಿಗೆ ಒಂದು ಉಪಾಯ ಇದೆ. ಕೂದಲು ಹೊರಬಂದು ಐದಾರು ದಿನವಾಗಿ ತುದಿ ಬಾಡಲು ಶುರುವಾದಾಗ, ಕೂದಲು ತೆನೆಯೊಳಗೆ ಹೋಗುವ ಬಾಯಿಗೆ ಡ್ರಾಪರ್‌ನಲ್ಲಿ ಕೆಲವೇ ಹನಿ ಅಡುಗೆ ಎಣ್ಣೆ ಬಿಡಿ. ಮರಿಹುಳು ಉಸಿರು ಕಟ್ಟಿ ಸಾಯುತ್ತದೆ. ಅವಸರ ಮಾಡಿ ಮೊದಲೇ ಬಿಟ್ಟರೆ ಪರಾಗ ಕೂಡುವುದಿಲ್ಲ, ಕಾಳೇ ಕಟ್ಟುವುದಿಲ್ಲ. ಮುಂದಿನ ಸಲ ಸಿಪ್ಪೆ ತುದಿಯವರೆಗೂ ಬಿಗಿಯಾಗಿ ಮುಚ್ಚುವ ತಳಿ ಆರಿಸಿ. ಈಗ ಹುಳು ಇರುವ ತೆನೆಯ ತುದಿ ಕತ್ತರಿಸಿ ಎಸೆದು ಉಳಿದದ್ದು ತಿನ್ನಿ. ಆದರೆ ಹುಳು ಕೊರೆದ ಜಾಗದಲ್ಲಿ ಬೂಸ್ಟು ಹಿಡಿದಿದ್ದರೆ ಪೂರ್ತಿ ತೆನೆ ಬಿಸಾಡಿ. ಕೆಲವು ಬೂಸ್ಟು ವಿಷ ಮಾಡುತ್ತದೆ, ದನಕ್ಕೂ ಹಾಕಬೇಡಿ.

ಪ್ರಶ್ನೆ: ಒಣಗಿಸಿ ಚೀಲಕ್ಕೆ ತುಂಬಿಟ್ಟ ಮೆಕ್ಕೆಜೋಳಕ್ಕೆ ಮೂತಿ ಹುಳು ಬಿದ್ದಿದೆ. ಚೀಲ ಇರುವುದು ಮಲಗುವ ಕೋಣೆಯಲ್ಲಿ. ಗುಳಿಗೆ ಇಡಬಹುದಾ?

ಖಂಡಿತ ಇಡಬಾರದು. ಇಟ್ಟಿದ್ದರೆ ಈ ಪುಟ ಕೆಳಗಿಟ್ಟು ಮೊದಲು ಮಕ್ಕಳನ್ನು ಹೊರಗೆ ಕರೆತನ್ನಿ, ಯಾರೂ ಒಳಗೆ ಹೋಗಬೇಡಿ. ತಲೆಸುತ್ತು, ವಾಂತಿ, ಉಸಿರಾಟದ ತೊಂದರೆ ಇದ್ದರೆ ಆಸ್ಪತ್ರೆಗೆ ಓಡಿ, ಗುಳಿಗೆಯ ಹೆಸರು ಹೇಳಿ. ಆ ಗುಳಿಗೆ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವಕ್ಕೆ ಫಾಸ್ಫೀನ್ ಎಂಬ ಗ್ಯಾಸ್ ಬಿಡುತ್ತದೆ. ಅದಕ್ಕೆ ಪ್ರತ್ಯೇಕ ಮದ್ದು ಇಲ್ಲ. ವಾಸನೆ ಬರಲಿಲ್ಲ ಅಂದರೆ ಗ್ಯಾಸ್ ಇಲ್ಲ ಅಂತಲೂ ಅಲ್ಲ. ತರಬೇತಿ ಇದ್ದವರು, ಜನ ಇರದ ಗೋದಾಮಿನಲ್ಲಿ ಮಾಡುವ ಕೆಲಸ ಅದು.

ಮೂತಿ ಹುಳು ಕಾಳಿಗೆ ತೂತು ಕೊರೆದು ಒಳಗೆ ಮೊಟ್ಟೆ ಇಟ್ಟು ಮುಚ್ಚುತ್ತದೆ. ಮರಿ ಒಳಗೇ ಬೆಳೆದು, ಬೆಚ್ಚಗಿದ್ದರೆ ಸುಮಾರು ಐದು ವಾರಕ್ಕೆ ಹೊರಬರುತ್ತದೆ. ಹೀಗಾಗಿ ಇವತ್ತು ಜರಡಿ ಹಿಡಿದು ಶುದ್ಧ ಮಾಡಿದ ಕಾಳಿನಲ್ಲೂ ಮುಂದಿನ ತಿಂಗಳು ಹುಳು ಕಾಣುತ್ತದೆ. ಎಷ್ಟೋ ಸಲ ತೆನೆ ಹೊಲದಲ್ಲಿ ಒಣಗುವಾಗಲೇ ಅದು ಸೇರಿಕೊಂಡಿರುತ್ತದೆ.

ಕಾಳನ್ನು ಮತ್ತೆ ಬಿಸಿಲಿಗೆ ಹರಡಿ, ತೇವ 12, 13 ಶೇಕಡಾಕ್ಕೆ ಇಳಿಯಬೇಕು. ಯಂತ್ರ ಇಲ್ಲದಿದ್ದರೆ ಒಣಗಿದ ಗಾಜಿನ ಬಾಟಲಿಯಲ್ಲಿ ಸ್ವಲ್ಪ ಕಾಳಿನ ಜೊತೆ ಒಂದು ಚಮಚ ಒಣ ಉಪ್ಪು ಹಾಕಿ ಚೆನ್ನಾಗಿ ಕುಲುಕಿ, ಹತ್ತು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಇನ್ನೂ 15ರ ಮೇಲಿದೆ. ಅಂಟದಿದ್ದರೂ ಇನ್ನೊಂದೆರಡು ಬಿಸಿಲು ಕೊಡಿ. ಆಮೇಲೆ ಗಾಳಿಯಾಡದ ಚೀಲಕ್ಕೆ ತುಂಬಿ. ಒಳಗೆ ಎರಡು ಪ್ಲಾಸ್ಟಿಕ್ ಪದರ, ಹೊರಗೊಂದು ನೇಯ್ದ ಚೀಲ ಇರುವಂಥದ್ದು ಸಿಗುತ್ತದೆ. ಒಳಗಿನ ಗಾಳಿ ಪೂರ್ತಿ ಒತ್ತಿ ತೆಗೆದು ಪದರಗಳನ್ನು ಬೇರೆ ಬೇರೆಯಾಗಿ ಬಿಗಿಯಾಗಿ ಕಟ್ಟಿ. ಹುಳುಗಳೇ ಒಳಗಿನ ಆಮ್ಲಜನಕ ಮುಗಿಸಿ, ತಿನ್ನುವುದು ನಿಲ್ಲಿಸಿ ಸಾಯುತ್ತವೆ. ಮೊದಲ ಒಂದೂವರೆ ತಿಂಗಳು ಬಿಚ್ಚಿ ನೋಡುವ ಆಸೆ ಬೇಡ. ಚೀಲವನ್ನು ಗೋಡೆಯಿಂದ ದೂರ, ಹಲಗೆಯ ಮೇಲೆ ಇಡಿ. ಇಲಿ ಒಂದು ತೂತು ಮಾಡಿದರೆ ಅಷ್ಟೂ ಶ್ರಮ ವ್ಯರ್ಥ.